ದೀಪಕ್ಕೆ ಟೊಪ್ಪಿ ಇಡುವವನು

ಬಿದ್ದು ಸಾಯುವ ಹಿಂದಿನ ದಿನವೂ ಬೀದಿದೀಪದವನು ಎಂದಿನಂತೆ ಹೊಸ್ತಿಲ ಮೇಲೆ ಕೂತು ತಗಡು ಬಗ್ಗಿಸುತ್ತಿದ್ದ. ಬೆಳಕು ಮೇಲಕ್ಕೆ ಹೋಗದಂತೆ ಊರಿನ ಪ್ರತಿ ದೀಪಕ್ಕೂ ತಗಡಿನ ಟೊಪ್ಪಿ ಇಡುವುದು ಅವನ ಹುಚ್ಚು. ಎಣ್ಣೆ ಡಬ್ಬಿ, ಬಣ್ಣದ ಡಬ್ಬಿ, ಹೆಂಡತಿಯ ಹಿಟ್ಟಿನ ಡಬ್ಬದ ಮುಚ್ಚಳ, ಏನು ಸಿಕ್ಕರೂ ಕತ್ತರಿ ಆಡಿಸುತ್ತಿದ್ದ. "ಊರಿಗೆಲ್ಲ ಟೊಪ್ಪಿ ಹಾಕಿದ್ದಾಯ್ತಲ್ಲ, ಇನ್ಯಾರು ಉಳಿದ್ರು?" ಎಂದು ಎದುರುಮನೆ ದರ್ಜಿ ಕೆಣಕಿದರೆ, "ಚೌಕದ ದೊಡ್ಡ ದೀಪ ಉಳಿದಿದೆ ಕಣಯ್ಯ. ನಾವು ನಡೆಯೋದು ನೆಲದ ಮೇಲೆ, ಆಕಾಶಕ್ಕೆ ಯಾಕೆ ಬೆಳಕು?" ಎನ್ನುತ್ತಿದ್ದ. ಹೆಂಡತಿ ಅಡುಗೆಮನೆಯ ಬಲ್ಬು ಹಾಕಿದರೂ ಎದ್ದು ಹೋಗಿ ಕಿಟಕಿ ಮುಚ್ಚುವವನು. "ರೀ, ನಕ್ಷತ್ರಕ್ಕೇನು ನಿದ್ದೆ ಕೆಡುತ್ತಾ?" ಎಂದು ಅವಳು ರೇಗಿದರೆ, "ರಾತ್ರಿ ಹಾರೋ ಹಕ್ಕಿಗೆ ನಕ್ಷತ್ರಾನೇ ದಾರಿ ಕಣೇ" ಎಂದು ನಗುತ್ತಿದ್ದ. ಅವಳು ಅದನ್ನು ತಮಾಷೆ ಎಂದುಕೊಂಡಿದ್ದಳು. ಮರುದಿನ ಚೌಕದ ಕಂಬದಲ್ಲಿ ಏಣಿ ಜಾರಿತು. ಆ ದೀಪ ಬೋಳುತಲೆಯಲ್ಲೇ ಉಳಿಯಿತು. ತಿಂಗಳ ಮೇಲೆ ಒಂದು ಮುಂಜಾನೆ ಹೆಂಡತಿ ಅವನು ಬಿದ್ದ ಜಾಗ ನೋಡಲು ಹೋದಳು. ಕಂಬದ ಬುಡದಲ್ಲಿ ಎಲ್ಲಿಂದಲೋ ಬಂದ ಹಕ್ಕಿಗಳು ಸತ್ತು ಬಿದ್ದಿದ್ದವು. ಮೈಮೇಲೆ ಗಾಯವಿಲ್ಲ, ಕಣ್ಣು ಮುಚ್ಚಿಲ್ಲ. ಇನ್ನೂ ನಾಲ್ಕೈದು, ಕೂಗದೆ, ನಿಲ್ಲದೆ, ಗುಂಯ್ ಎನ್ನುವ ದೀಪವನ್ನೇ ಸುತ್ತುತ್ತಿದ್ದವು. ನೋಡನೋಡುತ್ತಿದ್ದಂತೆ ಒಂದು ಅವಳ ಕಾಲ ಬಳಿ ಕಳಚಿ ಬಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅವಳು ಚೌಕಕ್ಕೆ ಹೋಗುತ್ತಾಳೆ. ಸತ್ತವನ್ನು ಮಣ್ಣು ಮಾಡುತ್ತಾಳೆ. ಉಸಿರಿರುವುದನ್ನು ಬುಟ್ಟಿಯಲ್ಲಿ ಮನೆಗೆ ತಂದು, ಅವನ ಅಂಗಿ ಹೊದಿಸಿ, ಒಳಕೋಣೆಯ ಕತ್ತಲಲ್ಲಿ ಇಟ್ಟು ಬಾಗಿಲು ಹಾಕುತ್ತಾಳೆ.