ಮೌಲಾ ಕಾಕಾನ ಕಂತಿನ ಡಬ್ಬಿ

ಮೌಲಾ ಕಾಕಾ ಕಾರಿನ ಬೆಲೆಯನ್ನು ರೂಪಾಯಿಯಲ್ಲಿ ಹೇಳಿದ್ದನ್ನು ನಾನು ಕೇಳಿಯೇ ಇಲ್ಲ. ಬೈಲಹೊಂಗಲದ ಅವರ ಗ್ಯಾರೇಜಿಗೆ ಯಾರಾದರೂ ಹೊಸ ಗಾಡಿಯ ಸುದ್ದಿ ತಂದರೆ, ಗ್ರೀಸು ಹತ್ತಿದ ಬೆರಳು ಒರೆಸಿಕೊಳ್ಳುತ್ತ, "ಅದು ಎಷ್ಟು ತಿಂಗಳ ಪಗಾರ ಆತ್ರಿ?" ಎನ್ನುತ್ತಿದ್ದರು. ನಮ್ಮ ಅಪ್ಪ ಸರಕಾರಿ ಶಾಲೆಯ ಮಾಸ್ತರರು. ನಾನು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುವವನು. "ನಿಮ್ಮ ಅಪ್ಪಾರು ಇಪ್ಪತ್ತು ಪಗಾರದಾಗ ಹೊಸಾದ ತಂದ್ರು. ನಿಮಗ ಸಣ್ಣಾದಂದ್ರೂ ನಲವತ್ತು ಬೇಕು. ಅವರಕಿಂತ ಹೆಚ್ಚ ಕಲತೀರಿ, ಸರ!" ಎಂದು ಛೇಡಿಸುತ್ತಿದ್ದರು.

ಹೊಸ ಕಾರು ಕೊಳ್ಳುವವರ ಜೊತೆ ಬೆಳಗಾವಿಗೆ ಹೋಗಿ ಗಾಡಿ ಪರೀಕ್ಷೆ ಮಾಡಿಕೊಡುವುದು ಅವರ ರೂಢಿ. ಅದಕ್ಕೊಂದು ಷರತ್ತಿತ್ತು. ಸಾಲದ ಕಂತು ಎಷ್ಟಾಗುತ್ತದೋ ಅಷ್ಟು ದುಡ್ಡನ್ನು ಆರು ತಿಂಗಳು ಡಬ್ಬಿಗೆ ಹಾಕಬೇಕು, ಮುಟ್ಟಬಾರದು. "ಗಾಡಿ ಇಲ್ಲದಾಗ ಕಂತು ಕಟ್ಟಿ ನೋಡ್ರಿ. ಹೊಟ್ಟಿ ತಡೀತಂದ್ರ ನಾ ಬರತೇನಿ." ಎಷ್ಟೋ ಜನ ಮೂರನೇ ತಿಂಗಳಿಗೇ ಗ್ಯಾರೇಜಿನ ಓಣಿ ತಪ್ಪಿಸಿ ಓಡಾಡುತ್ತಿದ್ದರು.

ನಾನು ಓಡಿಸುತ್ತಿದ್ದುದು ಅಪ್ಪನ ಅದೇ ಕಾರು. ಒಂದು ದಿನ ಹೆಂಡತಿಯ ಊರು ಸುರೇಬಾನಕ್ಕೆ ಹೊರಟಾಗ, ಸವದತ್ತಿಯ ಇಳಿಜಾರಿನಲ್ಲಿ ಬ್ರೇಕಿನ ಪೆಡಲು ಒಮ್ಮೆಲೇ ನೆಲಕ್ಕಂಟಿತು. ಮುಂದೆ ಕಬ್ಬಿನ ಟ್ರ್ಯಾಕ್ಟರು. ಹಿಂದಿನ ಸೀಟಿನಲ್ಲಿ ಮಗಳು ಹಾಡಿಕೊಳ್ಳುತ್ತಿದ್ದಳು. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮಣ್ಣಿನ ದಿಬ್ಬಕ್ಕೆ ತಾಗಿಸಿ ಹೇಗೋ ನಿಲ್ಲಿಸಿದೆ. ಎಳೆಸಿಕೊಂಡು ತಂದ ಗಾಡಿಯ ಕೆಳಗೆ ಕಾಕಾ ಮಲಗಿ, ತುಕ್ಕು ಕೆರೆದು ನೋಡಿದರು. ಎದ್ದಾಗ ಅವರ ಮುಖದಲ್ಲಿ ಛೇಡಿಸುವ ನಗು ಇರಲಿಲ್ಲ.

"ಬ್ರೇಕಿನ ಪೈಪಿಗೆ ಜಂಗ ಹಿಡದು ತೂತ ಬಿದ್ದೈತಿ. ಇದೊಂದು ಬದಲಿ ಮಾಡೇನು, ನಾಳೆ ಮತ್ತೊಂದು ಹೋಗತೈತಿ. ಇದರಾಗ ಕೂಸಿನ್ನ ಕುಂಡ್ರಸಬ್ಯಾಡ್ರಿ."

ಅಂದೇ ಡಬ್ಬಿ ಶುರುಮಾಡಿದೆ. ನಾಲ್ಕನೇ ತಿಂಗಳು ಮಗಳ ಶಾಲೆಯ ಫೀಗೆ ಅದನ್ನೇ ಬರಿದು ಮಾಡಿದೆ. ಆದರೆ ಕಣ್ಣು ಮುಚ್ಚಿದರೆ ಸಾಕು, ಸವದತ್ತಿಯ ಇಳಿಜಾರು ಬರುತ್ತಿತ್ತು. ಆರು ತಿಂಗಳಾದ ದಿನ ಕಾಕಾನ ಮುಂದೆ ನಿಂತು, "ತುಂಬೇತ್ರಿ" ಎಂದು ಸುಳ್ಳು ಹೇಳಿದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಬೆಳಗಾವಿಗೆ ಹೊರಟರು. ಹೆಂಡತಿಯ ಬಳೆ ಮಾರಿ ಮುಂಗಡ ಕಟ್ಟಿದೆ. ಏಳು ವರ್ಷದ ಕಂತಿನ ಜೊತೆ ಹೊಸ ಕಾರು ಮನೆಗೆ ಬಂತು.

ಮೂರು ತಿಂಗಳಲ್ಲಿ ಕಾಕಾ ಹಾಸಿಗೆ ಹಿಡಿದರು. ನೋಡಲು ಹೋದವನು ಮನಸ್ಸು ತಡೆಯದೆ ನಿಜ ಹೇಳಿಬಿಟ್ಟೆ.

"ಗೊತ್ತಿತ್ರಿ ಸರ. ತುಂಬಿದವರು ಡಬ್ಬಿ ತಂದು ತೋರಸ್ತಾರ. ನೀವು ಬರೇ ಕೈಲೆ ಬಂದಿದ್ರಿ."

"ಮತ್ತ್ಯಾಕ ಬಂದ್ರಿ ಕಾಕಾ?"

"ಕಂತಿಗೂ ಅಂಜಬೇಕು, ಬ್ರೇಕಿಗೂ ಅಂಜಬೇಕು. ಗಾಡಿ ಕೆಳಗ ಮಲಗಿ ನೋಡಿದಾಂವ ನಾನು. ಬ್ರೇಕಿಗೆ ಜಾಸ್ತಿ ಅಂಜಿದೆ."

ಎಂಟು ದಿನಕ್ಕೆ ತೀರಿಕೊಂಡರು.

ಈಗ ಬ್ರೇಕು ಗಟ್ಟಿಯಾಗಿದೆ. ಕಂತು ಕಟ್ಟುವ ಐದನೇ ತಾರೀಕು ಹತ್ತಿರ ಬಂದರೆ ಮಾತ್ರ ನನ್ನ ಎದೆ ಹೊಡೆದುಕೊಳ್ಳುತ್ತದೆ. ಮೊನ್ನೆ ಪ್ರಾಚಾರ್ಯರು ಕರೆದು, ಮುಂದಿನ ವರ್ಷ ನನ್ನ ವಿಷಯಕ್ಕೆ ವಿದ್ಯಾರ್ಥಿಗಳು ಸಿಗುವುದು ಕಷ್ಟ, ಬೇರೆ ಕಡೆಯೂ ಕೆಲಸ ನೋಡಿಕೊಳ್ಳಿ ಎಂದರು. ಮನೆಗೆ ಹೋಗುವ ಧೈರ್ಯವಾಗದೆ, ಕಾಕಾ ಇಲ್ಲವೆಂದು ಗೊತ್ತಿದ್ದೂ ನೇರ ಗ್ಯಾರೇಜಿಗೆ ಬಂದೆ. ಬಾಗಿಲಿಗೆ ಬೀಗ ಹಾಕಿತ್ತು. ಎಂಜಿನ್ ಬಂದ್ ಮಾಡುವುದನ್ನೂ ಮರೆತು ಅಲ್ಲೇ ಕುಳಿತಿದ್ದೆ.