ಘಾಟಣ್ಣನ ಭಾನುವಾರ

ಭಾನುವಾರ ಬೆಳಗಾದರೆ ಸಾಕು, ಓಣಿಯ ದರ್ಜಿ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ, ಹೆಂಡತಿಯನ್ನು ಅಡುಗೆಮನೆಯಿಂದ ಆಚೆ ಕಳಿಸಿ, ತಾನೇ ಒಲೆಯ ಮುಂದೆ ನಿಲ್ಲುತ್ತಾನೆ. ಒಣಮೆಣಸಿನಕಾಯಿ ಬಾಣಲೆಗೆ ಬಿತ್ತೆಂದರೆ ಅಕ್ಕಪಕ್ಕದ ಮನೆಯವರೆಲ್ಲ ಸೀನುತ್ತಾರೆ. ಅದಕ್ಕೇ ಅವನಿಗೆ ಘಾಟಣ್ಣ ಎಂದು ಹೆಸರು. "ಈರುಳ್ಳಿಗೆ ಅವಸರ ಮಾಡಬಾರದು ಕಣೇ, ಚೆನ್ನಾಗಿ ಕೆಂಪಗಾಗ್ಲಿ!" ಎಂದು ಕೂಗುತ್ತಾನೆ, ಕತ್ತರಿ ಹಿಡಿಯುವ ಕೈಯಲ್ಲಿ ಸೌಟು ಕುಣಿಸುತ್ತಾನೆ, ಮಸಾಲೆಯ ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡರೆ ಮಗಳನ್ನು ಕರೆದು ತೋರಿಸುತ್ತಾನೆ. ಆದರೆ ಹಿಂದೊಮ್ಮೆ ಬಂದ ಜ್ವರ ಅವನ ನಾಲಿಗೆಯ ರುಚಿಯನ್ನೇ ಕಸಿದುಕೊಂಡಿತ್ತು. ಅಂದಿನಿಂದ ಅವನು ಎಲ್ಲರಿಗೂ ಬಡಿಸಿ, ತಿನ್ನುವವರ ಮುಖ ನೋಡಿಯೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದ. ಮೊನ್ನೆ ಭಾನುವಾರ ಅಭ್ಯಾಸಬಲದಿಂದ ಕೋಳಿ ಸಾರನ್ನು ಅಂಗೈಗೆ ಸುರಿದುಕೊಂಡು ನೆಕ್ಕಿದವನು ಹಾಗೇ ನಿಂತುಬಿಟ್ಟ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. "ಖಾರ! ಖಾರ ಗೊತ್ತಾಗ್ತಿದೆ ಕಣೇ!" ಎಂದು ಬಾಗಿಲಿಗೆ ಓಡಿ ಓಣಿಗೆಲ್ಲ ಕೇಳುವಂತೆ ಕೂಗಿದ. ಮರಳಿ ಬಂದು ಮತ್ತೊಮ್ಮೆ ನೆಕ್ಕಿ ಮುಖ ಕಿವಿಚಿದ: "ಅಯ್ಯಯ್ಯೋ, ಇಷ್ಟೊಂದು ಉಪ್ಪು! ಇಷ್ಟು ದಿನ ಹೇಗೆ ತಿಂದ್ರೇ ನೀವೆಲ್ಲಾ?" ಹೆಂಡತಿ ನಗುತ್ತಾ ಅವನ ಮುಂದೆ ತಟ್ಟೆ ಇಟ್ಟು, "ನೀವು ನಮ್ಮ ಮುಖಾನೇ ನೋಡ್ತಾ ಕೂತಿರ್ತಿದ್ರಲ್ಲ," ಎಂದಳು.