ಕೊರಳಲ್ಲಿದ್ದ ಮುಖ

ಕಳೆದ ವಾರ ಅರಗಿನ ಬಳೆ ಮಾಡುವವಳೊಬ್ಬಳು ಬಾಗಿಲಿಗೆ ಬಂದಿದ್ದಳು. ಕಟ್ಟೆಯ ಮೇಲೆ ಇದ್ದಿಲ ಒಲೆ ಹೂಡಿ, ಅರಗು ಕಾಯಿಸಿ, ಕೈಯಳತೆಗೆ ಬಳೆ ಬಾಗಿಸಿ ಕೊಡುವ ಹೆಂಗಸು. ಕಾದ ಅರಗಿನ ವಾಸನೆ ನಿಮಗೂ ಗೊತ್ತಿರಬೇಕು. ಸಿಹಿಯೆಂದರೆ ಸಿಹಿಯಲ್ಲ, ಸುಟ್ಟದ್ದೆಂದರೆ ಸುಟ್ಟದ್ದಲ್ಲ; ಬಹಳ ದಿನ ಮುಚ್ಚಿಟ್ಟ ಪೆಟ್ಟಿಗೆ ತೆರೆದಂತೆ ಇರುತ್ತದೆ. ಮೊದಲನೆಯ ಬಳೆಯನ್ನು ರೂಢಿಯಂತೆ ನನ್ನ ಕೊರಳಿನ ಬೆಳ್ಳಿ ತಗಡಿಗೆ ಮುಟ್ಟಿಸಿ ಆಮೇಲೆ ಕೈಗೇರಿಸಿದೆ. ಅವಳು ಬಗ್ಗಿ ತಗಡಿನೊಳಗಿನ ಮುಖ ನೋಡಿದಳು. "ಮಗಳದೇನ್ರಿ ಅಮ್ಮಾ? ಥೇಟ್ ನಿಮ್ಮಂಗೇ ಅದಾಳ. ಭಾಳ ಸಣ್ಣ ವಯಸ್ಸಿನ್ಯಾಗ ಹೋಗ್ಯಾಳ," ಎಂದಳು.

ನನಗೆ ಹೆಣ್ಣುಮಕ್ಕಳೇ ಇಲ್ಲ.

ತಗಡಿನ ಸಂಗತಿ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯದು. ನಾನು ನಾರಾಯಣಖೇಡದ ಈ ಮನೆಗೆ ಎರಡನೆಯ ಹೆಂಡತಿಯಾಗಿ ಬಂದವಳು. ಮೊದಲಿನವಳು ನೀಲಮ್ಮ. ನಮ್ಮ ಅತ್ತೆಯ ಸ್ವಂತ ಅಣ್ಣನ ಮಗಳು, ಅತ್ತೆಯ ಕೈಯಲ್ಲೇ ಬೆಳೆದವಳು. ಮದುವೆಯಾಗಿ ಎರಡು ವರ್ಷಕ್ಕೆ ಜ್ವರ ಬಂದು ತೀರಿಹೋದಳಂತೆ. ಇಂಥ ಮನೆಗೆ ಬರುವ ಹೊಸ ಹೆಣ್ಣು, ಸತ್ತ ಹಿರಿ ಸವತಿಯ ರೂಪವನ್ನು ಬೆಳ್ಳಿ ತಗಡಿನಲ್ಲಿ ಎಬ್ಬಿಸಿ ಕೊರಳಿಗೆ ಕಟ್ಟಿಕೊಳ್ಳಬೇಕು. ಎಲ್ಲ ಮನೆಗಳಲ್ಲಿ ಈ ಪದ್ಧತಿ ಇರಲಿಲ್ಲ, ಈ ಮನೆಯಲ್ಲಿತ್ತು. ಹೊಸ ಸೀರೆ ಮೊದಲು ಅವಳಿಗೆ ಮುಟ್ಟಿಸಿ ಆಮೇಲೆ ಉಡುವುದು. ಹೂವೂ ಹಾಗೆಯೇ. ಇಲ್ಲದಿದ್ದರೆ ಅವಳು ಸಿಟ್ಟಾಗುತ್ತಾಳೆ, ಹೊಸಬಳನ್ನು ಬಾಳಗೊಡುವುದಿಲ್ಲ ಎಂದು ಹೇಳುತ್ತಿದ್ದರು. ಹೀಗೆ ನನ್ನ ಕೊರಳಲ್ಲಿ ಲಿಂಗ, ತಾಳಿ, ಅವುಗಳ ಕೆಳಗೆ ರೂಪಾಯಿಯಗಲದ ನೀಲಮ್ಮ. ಹದಿನೇಳು ವರ್ಷದ ಹುಡುಗಿಗೆ ಅದು ಸಣ್ಣ ಭಾರವಲ್ಲ.

ಆಗ ನಿಜಾಮರ ಆಳ್ವಿಕೆ. ನನ್ನ ತವರು ತಾಂಡೂರಿನ ಹತ್ತಿರ ಪೆದ್ದೆಮುಲ್. ಮದುವೆಗೆ ಮೊದಲು ಸೀರೆ ತೆಗೆಯಲೆಂದು ಅತ್ತೆ ನನ್ನನ್ನೂ ನನ್ನವ್ವನನ್ನೂ ಜಹೀರಾಬಾದಿನ ಪ್ಯಾಟೆಗೆ ಕರೆಸಿಕೊಂಡಿದ್ದರು. ಅಲ್ಲಿ ತಗಡು ಮಾಡುವ ಅಕ್ಕಸಾಲಿ ಮಾನಪ್ಪ ಪತ್ತಾರನ ಅಂಗಡಿಯಲ್ಲಿ ಕುಳಿತು, ನೀಲಮ್ಮ ಹೇಗಿದ್ದಳೆಂದು ಮಧ್ಯಾಹ್ನದ ತನಕ ಹೇಳಿದರು. ನಾನು ಎದುರಿಗೆ ಚಾಪೆಯ ಮೇಲೆ ಕುಳಿತು ಪುಟಾಣಿ ತಿನ್ನುತ್ತಿದ್ದೆ. ಮದುಮಗಳಿಗೆ ತಕ್ಕ ಗಾಂಭೀರ್ಯ ನನಗೆ ಎಂದೂ ಬರಲಿಲ್ಲ.

ಮದುವೆಯ ಹಿಂದಿನ ದಿನ ತಗಡು ಬಂತು. ಅತ್ತೆ ಅದನ್ನು ಅಂಗೈಯಲ್ಲಿಟ್ಟು ನೋಡಿ, ಗೋಡೆಗೊರಗಿ ಕುಳಿತುಬಿಟ್ಟರು. ನನ್ನ ನೀಲಾ ಬಂದಳು, ಅದೇ ಕಣ್ಣು, ಅದೇ ಗದ್ದ ಎಂದು ಅತ್ತರು. ಅಂದಿನಿಂದ ಅವರು ನನ್ನ ಮುಖ ನೋಡಿ ಮಾತಾಡಿದ್ದು ಕಡಿಮೆ. ನನ್ನೆದುರು ನಿಂತರೂ ಅವರ ಕಣ್ಣು ನನ್ನ ಕೊರಳ ಕೆಳಗೇ ಇರುತ್ತಿತ್ತು. ನೀಲಾ, ಬ್ಯಾಳಿ ಬೆಂದಾವೇನು ನೋಡು, ಎನ್ನುತ್ತಿದ್ದರು ತಗಡಿಗೆ. ನಾನು ಹೂಂ ಎಂದು ಹೋಗಿ ಬೇಳೆ ನೋಡುತ್ತಿದ್ದೆ. ಮತ್ತೇನು ಮಾಡಲಿ? ತಗಡು ಎದ್ದು ಹೋಗಿ ನೋಡುವಂತಿರಲಿಲ್ಲ.

ಕ್ರಮೇಣ ಓಣಿಯವರೂ ಹೇಳತೊಡಗಿದರು: ನಕ್ಕರೆ ನೀಲಮ್ಮ, ಕೊಡ ಇಳಿಸಿದರೆ ನೀಲಮ್ಮ. ಬೇಸಿಗೆಯ ಬೆಳಿಗ್ಗೆ ಎದ್ದಾಗ ತಗಡಿನ ಅಂಚು ಎದೆಯ ಮೇಲೆ ಒತ್ತಿ, ಅಲ್ಲೊಂದು ಕೆಂಪು ಬಳೆಯಂಥ ಗುರುತು ಮೂಡಿರುತ್ತಿತ್ತು. ಕೊಡದ ನೀರಿನಲ್ಲಿ ಬಗ್ಗಿ ನೋಡಿಕೊಂಡರೆ ನನ್ನ ಮುಖವೂ ತಗಡಿನ ಮುಖವೂ ಒಂದರ ಕೆಳಗೊಂದು ಅಲುಗಾಡುತ್ತಿದ್ದವು. ನೀರು ನಿಲ್ಲುವ ಮೊದಲೇ ಕೊಡ ಎತ್ತಿಕೊಂಡು ಬರುತ್ತಿದ್ದೆ. ಅವಳು ನನ್ನೊಳಗೆ ಬಂದು ಕೂಡುತ್ತಿದ್ದಾಳೆ, ನನಗಿನ್ನು ಜಾಗ ಉಳಿಯುವುದಿಲ್ಲ ಎಂದು ಹೆದರಿದ್ದೆ. ಯಾರಿಗೆ ಹೇಳುವುದು? ಮನೆಯವರು, ಕಟ್ಟಿಕೊಂಡ ಗಂಡ, ಮಾತಿಗೆ ಬಡವರು.

ಒಂದು ವರ್ಷದ ಮೇಲೆ, ತವರಿಗೆ ಹೋಗಿ ಮರಳುವಾಗ ತಗಡಿನ ಕೊಂಡಿ ಮುರಿಯಿತು. ತಾಂಡೂರಿನಲ್ಲಿ ರೈಲು ಹತ್ತಿ, ವಿಕಾರಾಬಾದಿನಲ್ಲಿ ಬದಲಿಸಿ, ಜಹೀರಾಬಾದಿನಲ್ಲಿ ಇಳಿದೆವು. ಜೊತೆಗಿದ್ದ ಅಣ್ಣ ಬಂಡಿ ಗೊತ್ತುಮಾಡಲು ಹೋದಾಗ ನಾನು ಮಾನಪ್ಪ ಪತ್ತಾರನ ಅಂಗಡಿಗೆ ಹೋಗಿ ಕುಳಿತೆ. ಅಂದೂ ಅವನ ಅರಗು ಕಾದಿತ್ತು. ಅರಗಿನ ಮೇಲೆ ತಗಡು ಕೂಡಿಸಿ, ಹಿಂದಿನಿಂದ ಮೊಂಡ ಉಳಿಯಲ್ಲಿ ಸಣ್ಣಗೆ ಬಡಿದರೆ ಮುಂದೆ ಮೂಗು, ತುಟಿ ಏಳುತ್ತವೆ. ಅರೆ ಎದ್ದ ಮುಖವೊಂದು ಅವನ ಮುಂದಿತ್ತು. ಕಣ್ಣು ಇನ್ನೂ ಬಂದಿರಲಿಲ್ಲ.

ನೋಡದವರ ಮುಖ ಹೇಗೆ ಮಾಡುತ್ತೀ ಕಾಕಾ ಎಂದು ಕೇಳಿದೆ. ಅವನಿಗೆ ಆ ಪ್ರಶ್ನೆ ಹಿಡಿಸಿತು. ಉಳಿ ಕೆಳಗಿಟ್ಟ.

"ಸತ್ತವರ ಮುಖ ಯಾರಿಗೂ ನೆನಪಿರಂಗಿಲ್ಲ ತಂಗಿ. ಮೂಗು ಹ್ಯಾಂಗಿತ್ರಿ ಅಂತ ಕೇಳ್ತೀನಿ. ಅಕಿ ರೊಟ್ಟಿ ಭಾಳ ತೆಳ್ಳಗ ಬಡೀತಿದ್ದಳು ಅಂತಾರ. ಕಣ್ಣು ಹ್ಯಾಂಗಿದ್ದವು ಅಂದ್ರ, ಎದುರು ಮಾತಾಡಾಕಿ ಅಲ್ಲ ಅಂತಾರ. ರೊಟ್ಟಿ ನೋಡಿ ಮೂಗು ಮಾಡಾಕ ಬರ್ತದೇನು?"

ಹಾಗಾಗಿ ಅವನು ಸಿಕ್ಕಲ್ಲಿಂದ ತರುತ್ತಿದ್ದನಂತೆ. ಒಂದಕ್ಕೆ ತನ್ನ ಅಕ್ಕನ ಹುಬ್ಬು. ಇನ್ನೊಂದಕ್ಕೆ ತಾಂಡೂರು ಸ್ಟೇಷನ್ನಿನಲ್ಲಿ ಹಾಸುಗಲ್ಲು ಹೊರುತ್ತಿದ್ದ ಹೆಂಗಸಿನ ಮೂಗು. ಅದನ್ನು ನೋಡುತ್ತ ನಿಂತು ರೈಲು ತಪ್ಪಿಸಿಕೊಂಡಿದ್ದ. ಒಮ್ಮೆ ಏನೂ ತೋಚದೆ ತನ್ನ ಮನೆಯ ಆಕಳ ಕಣ್ಣನ್ನೇ ಇಟ್ಟನಂತೆ. ಆ ಮನೆಯವರು ಬಂದು, ಅಗದಿ ನಮ್ಮವ್ವನೇ ಎಂದು ಅತ್ತು ಹೋದರಂತೆ. ನಾನು ನಕ್ಕೆ. ನಗು ಮುಗಿಯುವ ಮೊದಲೇ ಕೇಳಬೇಕಾದದ್ದು ಬಾಯಿಗೆ ಬಂತು. ಇದರೊಳಗಿನದು ಯಾರ ಮುಖ?

ಮಾನಪ್ಪ ತಗಡು ನೋಡಿದ, ನನ್ನನ್ನು ನೋಡಿದ. ಮುರಿದ ಕೊಂಡಿಯನ್ನು ಬೆರಳಲ್ಲಿ ತಿರುವಿದ.

"ನೀ ಪುಟಾಣಿ ತಿನಕೋತ ಎದುರಿಗೆ ಕೂತಿದ್ದಿ. ನಿಮ್ಮ ಅತ್ತಿ ಹೇಳೂದು ಕಿವಿಗೆ ಬೀಳತಿತ್ತು, ಕಣ್ಣು ನಿನ್ನ ಮ್ಯಾಲೆ ಇತ್ತು. ಕೈ ಅದನ್ನೇ ಹಿಡೀತು. ತಪ್ಪಾತು ತಂಗಿ. ಬದುಕಿದವರನ್ನ ಸತ್ತವರ ತಗಡಿನ್ಯಾಗ ಕೂಡಿಸಬಾರದು. ಬೆಂಕಿ ಅದ, ಕರಗಸ್ಲಿ?"

ಅಂಗೈಯಲ್ಲಿ ಹಿಡಿದು ನೋಡಿದೆ. ನಾನೇ. ನನ್ನದೇ ಗದ್ದ, ನನ್ನದೇ ಅಗಲ ಹಣೆ. ಮಹಾನವಮಿ ಅಮಾವಾಸ್ಯೆಗೆ ತಗಡನ್ನು ದೇವರ ಕೋಣೆಯಲ್ಲಿ ಹಿರಿಯರ ಜಗಲಿಯ ಮೇಲೆ ಇಟ್ಟು, ಹೋಳಿಗೆಯ ಎಡೆ ಹಿಡಿದು, ಊದುಬತ್ತಿ ಬೆಳಗಿ ನಾನು ಅಡ್ಡಬಿದ್ದದ್ದು ನನಗೇ. ಸತ್ತವಳಿಗೆಂದು ಇಟ್ಟ ಎಡೆಯನ್ನು ಆಮೇಲೆ ಉಂಡವಳೂ ನಾನೇ. ಅತ್ತೆ, ಓಣಿ, ಎಲ್ಲರೂ ಅವಳೇ ಇವಳು ಎಂದದ್ದು ಏನನ್ನು ನೋಡಿ? ನಾನು ಅವಳಂತಾಗಿರಲಿಲ್ಲ. ಅವಳೇ ನನ್ನಂತಾಗಿ, ಆ ಮನೆಯಿಂದ ಪೂರ್ತಿ ಅಳಿಸಿಹೋಗಿದ್ದಳು. ಹಾಗಾದರೆ ಜಗಲಿಯ ಮೇಲೆ ಸತ್ತವಳೆಂದು ಕುಳಿತಿದ್ದವಳು ಯಾರು?

ಕರಗಿಸು ಎನ್ನಲು ಒಂದು ಮಾತು ಸಾಕಿತ್ತು. ಆದರೆ ಬರಿಗೊರಳಲ್ಲಿ ಹೋಗಿ ನಿಂತರೆ ಅತ್ತೆ ಎಲ್ಲಿ ನೋಡಿ ಮಾತಾಡಿಯಾರು? ಹೊಸ ಮುಖ ಮಾಡಿಸಿ ಒಯ್ದರೆ, ಇವಳು ನನ್ನ ನೀಲಾ ಅಲ್ಲ ಎಂದು ಅವರು ಎರಡನೆಯ ಸಲ ಅವಳನ್ನು ಮಣ್ಣು ಮಾಡಬೇಕಾಗುತ್ತಿತ್ತು. ಕೊಂಡಿಯನ್ನಷ್ಟೇ ಹಾಕಿಕೊಡು ಎಂದೆ. ಮಾನಪ್ಪ ನನ್ನ ಮುಖ ನೋಡದೆ ಹಾಕಿಕೊಟ್ಟ.

ಆಮೇಲೆ ಇಪ್ಪತ್ತೆಂಟು ವರ್ಷ ನನ್ನನ್ನು ನಾನೇ ಕೊರಳಲ್ಲಿ ಕಟ್ಟಿಕೊಂಡು ತಿರುಗಿದೆ. ವಿಭೂತಿ ಹಚ್ಚಿ ತಿಕ್ಕಿದೆ, ನನಗೆ ನಾನೇ ಸೀರೆ ತೋರಿಸಿದೆ, ನೀಲಾ ಎಂದರೆ ಓ ಎಂದೆ. ಇಂಥದ್ದೂ ರೂಢಿಯಾಗುತ್ತದೆ, ನೋಡಿ. ಅತ್ತೆ ತೀರಿಕೊಳ್ಳುವ ಹೊತ್ತಿಗೆ ತಗಡಿನ ಗಲ್ಲವನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ಆ ಬೆರಳಿನ ಬಿಸಿ ನನ್ನ ಗಲ್ಲಕ್ಕೆ ತಾಕಿದಂತೆ ಆಗುತ್ತಿತ್ತು. ನಿಜವಾಗಿ ಅವರು ನನ್ನ ಗಲ್ಲ ಮುಟ್ಟಿದ್ದು ನೆನಪಿಲ್ಲ.

ಬಳೆಯವಳು ಹೋದ ಸಂಜೆ, ಚಹಾ ಕೊಡುತ್ತ ಮನೆಯವರನ್ನು ಕೇಳಿಯೇಬಿಟ್ಟೆ, ಏನ್ರಿ, ನೀಲಕ್ಕನ ಮುಖ ಹ್ಯಾಂಗಿತ್ತು ಎಂದು. ಅವರು ಚಹಾ ಬಸಿಗೆ ಬಗ್ಗಿಸಿಕೊಂಡರು.

"ಮುಖದ ತುಂಬ ಮೈಲಿ ಕಲಿ ಇದ್ದವು," ಎಂದರು. "ಸಣ್ಣಾಕಿ ಇದ್ದಾಗ ಮೈಲಿ ಆಗಿತ್ತು. ಅವ್ವಗ ಆ ಕಲಿ ಎಂದೂ ಕಾಣಲಿಲ್ಲ. ಎಡಗಣ್ಣಿನ ಕೆಳಗ ಒಂದು ದೊಡ್ಡದಿತ್ತು. ನಕ್ಕರ ಮುಚ್ಚತಿತ್ತು."

ತಗಡು ನುಣುಪಾಗಿತ್ತು, ಸಿಡುಬಿನ ಒಂದು ಕಲೆಯೂ ಇರಲಿಲ್ಲ. ಹಾಗಾದರೆ ಇದು ಯಾರೆಂದು ನಿಮಗೆ ಗೊತ್ತಿತ್ತೇ ಎಂದು ಕೇಳಿದೆ.

"ಮೊದಲನೇ ದಿನಾನೇ. ನೀನೂ ಸುಮ್ಮನಿದ್ದಿ, ಅವ್ವನೂ ಸಮಾಧಾನ ಇದ್ದಳು."

ಆಗ, ಈ ವಯಸ್ಸಿನಲ್ಲಿ, ಮೊದಲ ಸಲ ಸವತಿಯ ಮೇಲೆ ಹೊಟ್ಟೆಕಿಚ್ಚಾಯಿತು. ನಕ್ಕರೆ ಮುಚ್ಚುತ್ತಿದ್ದ ಆ ಒಂದು ಕಲೆಯನ್ನು ಅವರು ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರಲ್ಲ! ಅಲ್ಲಿಯವರೆಗೆ ಹೊಟ್ಟೆಕಿಚ್ಚು ಪಡಲು ತಗಡಿನೊಳಗೆ ಬೇರೆ ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ತಗಡನ್ನು ಬಿಚ್ಚಿ ಮಣೆಯ ಮೇಲಿಟ್ಟೆ. ದಬ್ಬಣ ಹಿಡಿದು, ಸಣ್ಣ ಗುಂಡುಕಲ್ಲಿನಿಂದ ಒಂದೊಂದೇ ಚುಕ್ಕೆ ಹೊಡೆದೆ. ಮನೆಯವರು ಪಕ್ಕದಲ್ಲಿ ಕುಳಿತು, ಜರಾ ಕೆಳಗ, ಅಲ್ಲಿ ಎರಡು, ಗದ್ದಕ್ಕ ಬ್ಯಾಡ ಎಂದು ಹೇಳುತ್ತ ಹೋದರು. ಒಂದೊಂದು ಏಟಿಗೂ ನನ್ನ ಗಲ್ಲ ಚುರುಕ್ಕೆನ್ನುತ್ತಿತ್ತು. ಕೈಯಿಂದ ಸವರಿ ನೋಡಿಕೊಂಡೆ, ಏನೂ ಇರಲಿಲ್ಲ. ಕೊನೆಯದು ಎಡಗಣ್ಣಿನ ಕೆಳಗಿನದು. ಅದನ್ನು ಹೊಡೆದ ಕೂಡಲೇ ಅವರು ಎದ್ದು ಹೊರಗೆ ಹೋಗಿಬಿಟ್ಟರು.

ತಗಡನ್ನು ಎತ್ತಿ ಬೆಳಕಿಗೆ ಹಿಡಿದೆ. ಅದರೊಳಗಿಂದ ಯಾರೋ ನನ್ನನ್ನು ನೋಡುತ್ತಿದ್ದರು, ಮತ್ತು ಅದು ನಾನಾಗಿರಲಿಲ್ಲ. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡೆ. ಮನೆಗೆ ನನಗಿಂತ ಹಿರಿಯಳು ಬಂದಿದ್ದಳು.